ಅತ್ತೆ ಒಪ್ಪದ ನೀಲಿ ವರ

“ಎರಡನ್ನೂ ಒಂದೇ ನೀರಿಗೆ ಬಿಡಪ್ಪಾ, ನೋಡ್ಬೇಕು!” ಚೆನ್ನೈನ ವೆಸ್ಟ್ ಮಾಂಬಲಂನಲ್ಲಿ ಎಸ್‌ಟಿಡಿ ಬೂತ್ ಪಕ್ಕದ ಅಕ್ವೇರಿಯಂ ಅಂಗಡಿಯಲ್ಲಿ, ನೆಂಟರ ಮದುವೆಗಳನ್ನೆಲ್ಲ ಕುದುರಿಸುವ ನಮ್ಮತ್ತೆ ತಮಿಳಿನಲ್ಲಿ ಪಟ್ಟು ಹಿಡಿದರು. ಮಗಳ ಮೊದಲ ಪುಟ್ಟ ತೊಟ್ಟಿಗೆ ನಾನು ಗಪ್ಪಿಗಳ ಜೊತೆ ಚೆಂದದ ನೀಲಿ ಫೈಟರ್ ಮೀನನ್ನೂ ಆರಿಸಿದ್ದೆ. ಅಂಗಡಿಯವನು ನಗುತ್ತಲೇ ಅವನ್ನು ಬೋಗುಣಿಗೆ ಬಿಟ್ಟ. ಮರುಕ್ಷಣವೇ ಫೈಟರ್ ರೆಕ್ಕೆ ಕೆದರಿ ಗಪ್ಪಿಯ ಬಾಲಕ್ಕೆ ಬಾಯಿ ಹಾಕಿತು!

“ಬಣ್ಣ ನೋಡಿದ್ರೆ ಸಾಕೇನೇ? ಗುಣ ನೋಡ್ಬೇಡ್ವಾ?” ಎಂದು ನನ್ನತ್ತ ತಿರುಗಿದ ಅತ್ತೆ ಗಪ್ಪಿಗಳನ್ನಷ್ಟೇ ಒಪ್ಪಿದರು.

ಕೆಲವೇ ವಾರಗಳಲ್ಲಿ ತೊಟ್ಟಿಯ ಗಿಡಗಳ ನಡುವೆ ಮರಿಗಳು ಮಿನುಗಿದವು. “ಪಾಟೀ, ಕುಟ್ಟಿ ಮೀನ್!” ಎಂದು ಮಗಳು ಅಜ್ಜಿಯನ್ನು ಕರೆದು, ಮರಿಮೀನುಗಳನ್ನು ತೋರಿಸುತ್ತಾ ಕುಣಿದಳು. ಅತ್ತೆ ಬಟ್ಟಲು ತುಂಬ ಕಲ್ಲುಸಕ್ಕರೆ ಹಿಡಿದು ಪಕ್ಕದ ಮನೆಗಳಿಗೆ ಹೊರಟೇಬಿಟ್ಟರು.

ತಾವು ಕುದುರಿಸಿದ ಸಂಬಂಧಗಳನ್ನು ಎಣಿಸುವಾಗ ಅತ್ತೆ ಇಂದಿಗೂ ಆ ಗಪ್ಪಿಗಳಿಂದಲೇ ಶುರು ಮಾಡುತ್ತಾರೆ.