ಅತ್ತೆಯ ರೊಟ್ಟಿ, ನನ್ನ ಲ್ಯಾಪ್‌ಟಾಪ್

ಅತ್ತೆಯ ಅಂಗೈ ಕಾದ ಹಂಚಿಗೂ ಹೆದರುತ್ತಿರಲಿಲ್ಲ. ಉಬ್ಬಿದ ಜೋಳದ ರೊಟ್ಟಿಯನ್ನು ಬರಿಗೈಯಲ್ಲೇ ಮಗುಚಿ ಹಾಕುತ್ತಿದ್ದರು. ಹಿಟ್ಟು ಮೆತ್ತಿಕೊಂಡ ಅದೇ ಕೈಯನ್ನು ಒಂದು ಮಧ್ಯಾಹ್ನ ನನ್ನ ಲ್ಯಾಪ್‌ಟಾಪಿನ ಬೆನ್ನಿಗಿಟ್ಟು ಚಟ್ಟನೆ ಹಿಂದಕ್ಕೆಳೆದುಕೊಂಡರು.

“ಯವ್ವಾ, ಇದಕ್ಕ ಜ್ವರ ಬಂದಾವ. ಮೈ ಕೆಂಡ ಆಗ್ಯಾದ ನೋಡು,” ಎಂದವರೇ ಒದ್ದೆ ಬಟ್ಟೆ ಹಿಂಡಿ ತಂದರು. ನಾನು ಎರಡೂ ಕೈ ಅಡ್ಡ ಹಿಡಿಯದಿದ್ದರೆ ಅದರ ಕಥೆ ಅಂದೇ ಮುಗಿಯುತ್ತಿತ್ತು.

ಕಮಲಾಪುರದ ನಮ್ಮ ಮನೆ ಎಂದರೆ ಒಂದು ಅಡುಗೆಮನೆ, ಒಂದು ಒಳಕೋಣೆ. ಒಳಕೋಣೆಗೆ ಕಿಟಕಿಯೂ ಇಲ್ಲ, ಅಲ್ಲಿ ನೆಟ್‌ವರ್ಕೂ ಸಿಗುವುದಿಲ್ಲ. ನನ್ನ ಗಂಡ ಮಹಾಗಾಂವದ ಕಡೆ ಟೆಂಪೋ ಓಡಿಸುತ್ತಾರೆ; ಬೆಳಿಗ್ಗೆ ಹೋದರೆ ಸಂಜೆಗೇ ಮನೆ. ಹಗಲೆಲ್ಲ ಅಡುಗೆಮನೆ ನಮ್ಮಿಬ್ಬರದು. ಕಿಟಕಿಯ ಪಕ್ಕ ಗಾದಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾನು ಯಾವುದೋ ಊರಿನ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಗಣಿತ ಹೇಳುತ್ತಿದ್ದೆ. ಒಲೆಯ ಮುಂದೆ ಅತ್ತೆ ಖಾನಾವಳಿಗಳಿಗೆ ರೊಟ್ಟಿ ಬಡಿಯುತ್ತಿದ್ದರು. ಆ ತಪತಪ ಸದ್ದು ನಿಂತರೆ ಮಕ್ಕಳೇ ಕೇಳುತ್ತಿದ್ದವು, ಟೀಚರ್, ಇವತ್ತು ಅಜ್ಜಿ ಇಲ್ಲವಾ ಎಂದು.

ಆ ಬೇಸಿಗೆಯಲ್ಲಿ ಲ್ಯಾಪ್‌ಟಾಪ್ ಪಾಠದ ನಡುವೆಯೇ ಆರಿಹೋಗತೊಡಗಿತು. ಮೊದಲು ಅದರೊಳಗಿನ ಫ್ಯಾನು ಕಿರುಚುತ್ತಿತ್ತು, ಆಮೇಲೆ ಪರದೆ ಕಪ್ಪು. ಹಿಂದೆ ಕೂಲರ್ ಇಟ್ಟು ನೋಡಿದೆ, ಇನ್ನಷ್ಟು ಕೆಟ್ಟಿತು. ಇನ್ನೊಮ್ಮೆ ಕ್ಲಾಸು ಕಡಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಕೆಲಸ ಕೊಟ್ಟವರು ಹೇಳಿಬಿಟ್ಟರು. ಬಿ.ಎಡ್. ಮುಗಿಸಿ ಊರೂರು ಅಲೆದ ಮೇಲೆ ಸಿಕ್ಕ ಕೆಲಸ ಅದೊಂದೇ. ನನಗೆ ಅಳುವುದಕ್ಕೂ ಬೇಸರವಾಗಿತ್ತು.

ಮರುದಿನ ಬಸ್ಸು ಹತ್ತಿ ಕಲಬುರಗಿಗೆ ಹೋದೆ. ಸೇಡಂ ರಸ್ತೆಯ ರಿಪೇರಿ ಅಂಗಡಿಯವರು ಹಿಂದಿನ ಮುಚ್ಚಳ ಬಿಚ್ಚಿ ನೋಡಿ, ನಗು ತಡೆಯಲಾರದೆ ನನ್ನ ಮುಖ ನೋಡಿದರು.

“ಮೇಡಂ, ಇದರಾಗ ರೊಟ್ಟಿ ಬಡದೀರೇನ್ರಿ?”

ಫ್ಯಾನಿನ ಸಂದುಗಳಲ್ಲೆಲ್ಲ ಜೋಳದ ಹಿಟ್ಟು. ಕೂಲರಿನ ತೇವಕ್ಕೆ ನೆನೆದು, ಒಳಗಿನ ಕಾವಿಗೆ ಬೆಂದು ಗಟ್ಟಿಯಾಗಿ ಕೂತಿತ್ತು. ಅವರು ಬ್ರಷ್ಷಿನಿಂದ ಕೆರೆದು, ಗಾಳಿ ಊದಿ, ಕಾವು ಇಳಿಸುವ ಹೊಸ ಪೇಸ್ಟ್ ಹಚ್ಚಿದರು. “ಗಾದಿ ಮ್ಯಾಲ ಇಡಬ್ಯಾಡ್ರಿ, ಬುಡಕ ಗಾಳಿ ಆಡಬೇಕು. ಕೂಲರ್ ಮುಂದನೂ ಬ್ಯಾಡ. ಹಿಟ್ಟು ಹಾರೋ ಜಾಗದಾಗ ಅಂತೂ ಬಿಲ್ಕುಲ್ ಬ್ಯಾಡ್ರಿ.”

ಅಂಗಡಿಯಿಂದಲೇ ಮನೆಗೆ ಫೋನ್ ಮಾಡಿ ಇದನ್ನೆಲ್ಲ ಅತ್ತೆಗೆ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ಅವರು “ಹಂಗೇನು” ಎಂದಷ್ಟೇ ಹೇಳಿ ಫೋನಿಟ್ಟರು.

ಮನೆ ಮುಟ್ಟಿದಾಗ ಅಡುಗೆಮನೆಯ ನೆಲ ಒರೆಸಿತ್ತು. ಕಿಟಕಿಯ ಪಕ್ಕ ಗಾದಿಯ ಬದಲು ಊಟದ ಮಣೆ ಇತ್ತು. ಒಲೆ, ಹಂಚು, ಹಿಟ್ಟಿನ ಡಬ್ಬಿ ಯಾವುದೂ ಇರಲಿಲ್ಲ. ಅತ್ತೆ ಹಿತ್ತಲಲ್ಲಿ ತಗಡಿನ ಚಪ್ಪರದ ಕೆಳಗೆ ಕೂತು ರೊಟ್ಟಿ ಬಡಿಯುತ್ತಿದ್ದರು. ಮೇಲೆ ತಗಡು ಕಾದಿತ್ತು, ಮುಂದೆ ಒಲೆ ಉರಿಯುತ್ತಿತ್ತು.

“ನಿನ್ನ ಮಷೀನಿನ ಬಿಸಿಗಾಳಿಗೆ ನನ್ನ ಹಿಟ್ಟು ಒಣಗತದ. ಅದಕ್ಕ ಹೊರಗ ಬಂದೀನಿ. ನಿನ್ನ ಸಲುವಾಗಿ ಅಂತ ತಿಳ್ಕೊಂಡು ಉಬ್ಬಬ್ಯಾಡ.”

ನೀವು ಒಳಗೆ ಬನ್ನಿ, ನಾನೇ ಹಿತ್ತಲಲ್ಲಿ ಕೂಡುತ್ತೇನೆ ಎಂದು ಜಗಳ ತೆಗೆದೆ. ಅವರು ತಲೆ ಕೂಡ ಎತ್ತಲಿಲ್ಲ.

“ಈ ಬಿಸಿಲಾಗ ನಿನ್ನ ಮಷೀನ್ ತಡಿಯಂಗಿಲ್ಲ. ನಾ ತಡೀತೀನಿ. ನಡಿ, ಕ್ಲಾಸಿಗೆ ಹೊತ್ತಾಯ್ತು.”

ಕ್ಲಾಸು ಮತ್ತೆ ಕಡಿಯಲಿಲ್ಲ, ಕೆಲಸ ಉಳಿಯಿತು. ಮಳೆಗಾಲ ಬಂದರೂ ಅವರು ಒಳಗೆ ಬರಲಿಲ್ಲ. ಹಿಂದಿನ ಬಾಗಿಲಿಗೆ ತಮ್ಮ ಹಳೆಯ ಸೀರೆಯೊಂದನ್ನು ಪರದೆ ಕಟ್ಟಿ, ಪಾಠ ನಡೆಯುವಾಗ ಯಾರೂ ಅದನ್ನು ಸರಿಸಕೂಡದೆಂದು ಕಟ್ಟಳೆ ಮಾಡಿದರು. ರೊಟ್ಟಿ ಒಯ್ಯಲು ಬಂದವರು ಜೋರಾಗಿ ಮಾತಾಡಿದರೆ ಬೈಸಿಕೊಳ್ಳುತ್ತಿದ್ದರು. ಎಲ್ಲರಿಗೂ ಹಾಕಿದ ಕಟ್ಟಳೆಯನ್ನು ಅತ್ತೆ ತಾವೂ ಮುರಿಯುತ್ತಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಒಂದು ದಿನ ಪಾಠ ಮುಗಿಸಿ ಪರದೆ ಸರಿಸಿದೆ. ಅತ್ತೆ ಒಲೆ ಆರಿಸಿ, ಗೋಡೆಗೆ ಒರಗಿ ಕೂತಿದ್ದರು. ಚಳಿಯಲ್ಲೂ ಮುಖವೆಲ್ಲ ಬೆವರು. ನಾದಿದ ಹಿಟ್ಟು ಪರಾತದಲ್ಲಿ ಒಣಗಿ ಬಿರುಕು ಬಿಟ್ಟಿತ್ತು.

“ಮುಗೀತೇನವ್ವಾ ಕ್ಲಾಸು?” ಎಂದರು. “ಎದಿ ಹಿಡದಂಗ ಆಗ್ಯಾದ. ಆಗಿಂದ.”

ಫೋನ್ ಮಾಡಿದ ಮೇಲೆ ಗಂಡ ಟೆಂಪೋ ತಂದು ಕಲಬುರಗಿಯ ಆಸ್ಪತ್ರೆಗೆ ಒಯ್ದರು. ದಾರಿಯುದ್ದಕ್ಕೂ ಅತ್ತೆಯ ತಲೆ ನನ್ನ ತೊಡೆಯ ಮೇಲಿತ್ತು. ತಡವಾಗಿ ತಂದಿರಿ ಎಂದರು ಡಾಕ್ಟರು. ಅತ್ತೆ ತಿರುಗಿ ಮನೆಗೆ ಬರಲಿಲ್ಲ.

ಈಗ ಲ್ಯಾಪ್‌ಟಾಪ್ ಸಂಜೆಯವರೆಗೂ ತಣ್ಣಗಿರುತ್ತದೆ. ಮಕ್ಕಳು ಲೆಕ್ಕ ಮಾಡುತ್ತ ಸುಮ್ಮನಾದಾಗ, ಅವರಿಗೆ ಕೇಳದಂತೆ ಮೈಕ್ ಮುಚ್ಚಿ, ನಾನು ಆ ಬಾಗಿಲಿನ ಕಡೆ ತಿರುಗಿ ಅದನ್ನೇ ಕೇಳುತ್ತೇನೆ: ಒಮ್ಮೆ ಕೂಗಬಾರದಿತ್ತೇನ್ರೀ ಅತ್ತಿ? ಕ್ಲಾಸು ಕಡಿದ್ರ ಕಡೀತಿತ್ತು.