ಕಾಲೇಜಿಗೆ ಮುಂಚಿನ ಬೇಸಿಗೆ

ನಾನು ಡಾಕ್ಟರಾಗುತ್ತೇನೆಂಬುದು ಮುಂಡರಗಿಯ ನಮ್ಮ ಓಣಿಗೆಲ್ಲ ಗೊತ್ತಿತ್ತು. ಹಾಗೆಂದು ಸಾರಿದವಳು ಅವ್ವ. ನಾನು ಚಿಕ್ಕವಳಿದ್ದಾಗ ಅವಳಿಗೆ ಹೊಟ್ಟೆನೋವು ಬಂದು ಹಾಸಿಗೆ ಹಿಡಿದಿದ್ದಳು. ಕರೆಸಿದ ಡಾಕ್ಟರು ಗಂಡಸು. ಅವರೆದುರು ಬಾಯಿ ಬಿಡಲು ಅವ್ವ ಒಪ್ಪಲಿಲ್ಲ. ಅಪ್ಪ ಹೊಸ್ತಿಲ ಮೇಲೆ ನಿಂತು ಒಳಗಿನ ಮಾತನ್ನು ಹೊರಗೂ ಹೊರಗಿನ ಮಾತನ್ನು ಒಳಗೂ ಮುಟ್ಟಿಸಿದ. ಹೇಳಬೇಕಾದದ್ದು ಅರ್ಧ ಅಪ್ಪನ ನಾಚಿಕೆಯಲ್ಲೇ ಉಳಿದುಹೋಯಿತು. ನೋವು ಹೇಗೋ ಇಳಿದ ಮೇಲೆ ನಾನು ಅವಳ ಪಕ್ಕ ಕುಳಿತು, "ನಾನ ಡಾಕ್ಟರ್ ಆಕ್ಕೀನಿ ತಗೋ ಯವ್ವಾ, ನನ್ನ ಮುಂದ ಹೇಳೀಯಂತ" ಅಂದೆನಂತೆ. ಅಂದಿನಿಂದ ಓಣಿಯ ಹೆಂಗಸರು ನನ್ನನ್ನು 'ಡಾಕ್ಟ್ರವ್ವ' ಎಂದೇ ಕರೆಯತೊಡಗಿದರು.

ಹೈಸ್ಕೂಲಿಗೆಂದು ನನ್ನನ್ನು ಬೆಟಗೇರಿಯ ಸೋದರಮಾವನ ಮನೆಗೆ ಕಳಿಸಿದರು. ಮಾವ ನೇಕಾರ. ಮನೆಯ ಮುಂದಿನ ಅಂಕಣದಲ್ಲೇ ಮಗ್ಗ. ಅದರ ಸದ್ದು ನಿಂತರೆ ನನಗೆ ಓದು ಹತ್ತುತ್ತಿರಲಿಲ್ಲ. ಗದಗಿನ ಶಾಲೆಗೆ ದಿನಾ ನಡೆದೇ ಹೋಗುತ್ತಿದ್ದೆ. ಆಗ ನಾವಿನ್ನೂ ಮುಂಬೈ ಸರಕಾರದ ಕೆಳಗಿದ್ದೆವು. ಇಂಗ್ಲಿಷ್ ಶುರುವಾಗುತ್ತಿದ್ದದ್ದು ಎಂಟನೆಯ ಇಯತ್ತೆಯಲ್ಲಿ. ಮ್ಯಾಟ್ರಿಕ್ಕಿನವರೆಗೆ ಗಣಿತ, ವಿಜ್ಞಾನ, ಇತಿಹಾಸ ಎಲ್ಲವನ್ನೂ ಕನ್ನಡದಲ್ಲಿ ಕಲಿತು, ಕಾಲೇಜಿನ ಬಾಗಿಲು ದಾಟಿದೊಡನೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಕೇಳಬೇಕಿತ್ತು. ನಮಗಿಂತ ಮುಂಚೆ ಹೋದ ಹಲವು ಜಾಣರು ದೀಪಾವಳಿಯ ಹೊತ್ತಿಗೆ ಕಾಲೇಜು ಬಿಟ್ಟು, ಹಾಸಿಗೆ ಸುತ್ತಿಕೊಂಡು ಊರಿಗೆ ಬಂದಿದ್ದರು.

ನಾವು ಮ್ಯಾಟ್ರಿಕ್ ಪರೀಕ್ಷೆ ಬರೆದ ಬೇಸಿಗೆಯಲ್ಲಿ ಸರಕಾರ ಗದಗಿನಲ್ಲಿ ಒಂದು ರಜಾ ವರ್ಗ ತೆರೆಯಿತು. ಕಾಲೇಜಿಗೆ ಹೋಗಬೇಕೆನ್ನುವವರಿಗೆ ಇಂಗ್ಲಿಷ್ ಕೇಳುವ, ಟಿಪ್ಪಣಿ ಬರೆಯುವ ರೂಢಿ ಮಾಡಿಸುವುದು, ಮುಂದೆ ಯಾವ ಯಾವ ಕೆಲಸಗಳಿವೆ ಎಂದು ತೋರಿಸುವುದು, ಇದು ಅದರ ಉದ್ದೇಶ. ನಡೆಸಲು ಬಂದವರು ಧಾರವಾಡದ ಕಡೆಯ ಒಬ್ಬ ಮಾಸ್ತರರು. ಈ ಕೆಲಸಕ್ಕೆಂದೇ ಸರಕಾರ ಅವರನ್ನು ಮುಂಬೈಗೆ ಕಳಿಸಿ ತರಬೇತಿ ಕೊಡಿಸಿತ್ತು. ತೆಳ್ಳಗಿನ ಮನುಷ್ಯ, ಬಿಳಿ ಟೋಪಿ, ಸದಾ ಅವಸರದ ನಡಿಗೆ. ಹೆಣ್ಣುಮಕ್ಕಳು ತಾವಾಗಿ ಬರುವುದಿಲ್ಲವೆಂದು ತಿಳಿದು ಮನೆಮನೆಗೂ ತಾವೇ ಬಂದರು.

ಮಾವ ಮಗ್ಗದಿಂದ ಏಳದೆಯೇ ಕೇಳಿದ: "ಪರೀಕ್ಷಾ ಮುಗದಾವಲ್ರಿ ಮಾಸ್ತರ. ಸೂಟಿಯೊಳಗ ಮತ್ಯಾಕ್ರಿ ಸಾಲಿ?"

"ನೀವು ಸೀರಿ ನೇಯೂ ಮೊದಲ ನೂಲಿಗೆ ಗಂಜಿ ಯಾಕ ಹಾಕ್ತೀರಿ?"

"ಹಾಕಲಿಲ್ಲಂದ್ರ ಮಗ್ಗದಾಗ ಹರೀತೈತ್ರಿ."

"ಇದೂ ಹಂಗ ರಿ."

ಮಾವ ನಕ್ಕುಬಿಟ್ಟ. "ಆತು, ಬರ್ತಾಳ ತಗೋರಿ" ಅಂದ. ಅತ್ತೆ ಮಾತ್ರ ಒಳಗಿನಿಂದ, "ಬುತ್ತಿ ಒಯ್ದು ಹೊತ್ತಿಗೆ ಸರಿಯಾಗಿ ಉಣಬೇಕ್ನೋಡ" ಎಂದು ಕೂಗಿದಳು.

ಮೊದಲ ದಿನ ಮಾಸ್ತರರು ನೀರಿನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಉಪನ್ಯಾಸ ಕೊಟ್ಟರು. ಕಾಲೇಜಿನ ಪ್ರೊಫೆಸರರು ಮಾತಾಡುವ ವೇಗದಲ್ಲೇ, ಎಲ್ಲೂ ನಿಲ್ಲಿಸದೆ. 'ವಾಟರ್' ಎಂಬ ಮಾತೊಂದು ಬಿಟ್ಟರೆ ನನಗೆ ಏನೂ ತಿಳಿಯಲಿಲ್ಲ. ಪಕ್ಕದ ಹುಡುಗಿಯ ಕಡೆ ನೋಡಿದೆ. ಅವಳು ನೀಟಾಗಿ ಸೆರಗು ಹೊದ್ದು, ಮುಂದಿನ ಗೋಡೆಯನ್ನೇ ನೋಡುತ್ತಿದ್ದಳು. ಕಣ್ಣಂಚಿನಲ್ಲಿ ನೀರು. "ನಿನಗ ತಿಳೀತೇನ?" ಅಂತ ಪಿಸುಗುಟ್ಟಿದೆ. "ಸುಡುಗಾಡು ತಿಳೀತು" ಅಂದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಮ್ಮ ಗೆಳೆತನ ಅಲ್ಲಿ ಹುಟ್ಟಿತು.

ಅವಳು ಲಕ್ಷ್ಮೇಶ್ವರದವಳು, ಮುಸಲ್ಮಾನರ ಹುಡುಗಿ. ಅಲ್ಲಿ ಅವಳ ತಂದೆಗೆ ಅರಿವೆ ಅಂಗಡಿ. ಅವಳು ಗದಗಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು. ಮಾಸ್ತರಿಕೆ ಮಾಡಬೇಕೆಂಬುದು ಮನೆಯವರ ಮಾತು. ಅವಳೂ ಅದಕ್ಕೆ ತಲೆಯಾಡಿಸಿದ್ದಳು.

ಉಪನ್ಯಾಸ ಮುಗಿದ ಮೇಲೆ ಮಾಸ್ತರರು ಕೇಳಿದರು: "ಯಾರಿಗೆ ತಿಳೀಲಿಲ್ಲ, ಕೈ ಎತ್ತರಿ." ಒಬ್ಬರೂ ಎತ್ತಲಿಲ್ಲ. "ಇದ ನೋಡ್ರಿ ನಿಮ್ಮ ರೋಗ" ಅಂದರು. ಆ ದಿನ ನಮಗೆ ಕಲಿಸಿದ್ದು ಒಂದೇ ವಾಕ್ಯ: 'ಐ ಡಿಡ್ ನಾಟ್ ಅಂಡರ್‌ಸ್ಟ್ಯಾಂಡ್, ಸರ್.' ಒಬ್ಬೊಬ್ಬರಾಗಿ ಎದ್ದು ನಿಂತು, ತಲೆಯೆತ್ತಿ, ಕೊನೆಯ ಬೆಂಚಿಗೆ ಕೇಳುವ ಹಾಗೆ ಹೇಳಬೇಕು. ಗೆಳತಿ ಮೂರನೆಯ ಸಲಕ್ಕೆ ಸರಿಯಾಗಿ ಹೇಳಿ, ಕುಳಿತು, ಮುಖ ಮುಚ್ಚಿಕೊಂಡಳು.

ಆಮೇಲೆ ದಿನವೂ ಒಂದು ಉಪನ್ಯಾಸ. ಕೇಳಿದ್ದನ್ನು ಮೊದಲು ಕನ್ನಡದಲ್ಲಿ ನಮ್ಮ ನಮ್ಮೊಳಗೆ ಹೇಳಿಕೊಂಡು, ಬಳಿಕ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಬೇಕು. ಯಾವಾಗ ಹೇಗೆ ಆಯಿತೋ ತಿಳಿಯದು, ಕೆಲವು ದಿನಗಳಲ್ಲಿ ನನಗೆ ಕಿವಿ ತೆರೆಯಿತು. ಬಿಡುವಿನಲ್ಲಿ ಹುಡುಗಿಯರೆಲ್ಲ ಬೇವಿನ ಗಿಡದ ನೆರಳಿಗೆ ಬುತ್ತಿ ಬಿಚ್ಚಿಕೊಂಡು ಬಂದು, "ಏನಂದ್ರು ಹೇಳ ಲೇ" ಎಂದು ನನ್ನ ಸುತ್ತ ಕೂರುತ್ತಿದ್ದರು. ರೊಟ್ಟಿ ಮುರಿಯುತ್ತ ನಾನು ಇಡೀ ಪಾಠವನ್ನು ನಮ್ಮ ಭಾಷೆಯಲ್ಲಿ ಹೇಳುತ್ತಿದ್ದೆ. ಅದು ನನಗೆ ಎಷ್ಟು ಸುಖ ಕೊಡುತ್ತಿತ್ತೆಂದರೆ ಎಷ್ಟೋ ಸಲ ಉಣ್ಣುವುದನ್ನೇ ಮರೆಯುತ್ತಿದ್ದೆ.

ವಾರಕ್ಕೊಮ್ಮೆ ಹೊರಗೆ ಕರೆದೊಯ್ಯುತ್ತಿದ್ದರು. ಹತ್ತಿ ಹಿಂಜುವ ಗಿರಣಿ, ಒಂದು ಛಾಪಖಾನೆ, ತಾರು ಕಚೇರಿ ಎಲ್ಲ ನೋಡಿದೆವು. ಕೊನೆಗೆ ಸರಕಾರಿ ದವಾಖಾನೆ. ಆ ಬೆಳಿಗ್ಗೆ ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದೆ. ಉಳಿದವರೆಲ್ಲ ಬರೀ ನೋಡಲು ಹೋಗುತ್ತಿದ್ದರು, ನಾನು ನನ್ನ ಮನೆಗೇ ಹೋಗುತ್ತಿದ್ದೇನೆಂಬ ಠೀವಿ.

ನಾವು ಪಡಸಾಲೆಯಲ್ಲಿದ್ದಾಗಲೇ ಲಕ್ಕುಂಡಿ ಕಡೆಯ ಒಬ್ಬ ರೈತನನ್ನು ಚಕ್ಕಡಿಯಿಂದ ಇಳಿಸಿ ತಂದರು. ಕುಡುಗೋಲು ತಾಗಿ ಅಂಗೈ ಸೀಳಿತ್ತು. ಡಾಕ್ಟರರು ಸುತ್ತಿದ್ದ ಬಟ್ಟೆ ಬಿಚ್ಚಿದರು. ನಾನು ಕಂಡದ್ದು ಅಷ್ಟೇ. ಮುಂದೆ ಕಣ್ಣು ಬಿಟ್ಟಾಗ ಬೆಂಚಿನ ಮೇಲೆ ಮಲಗಿದ್ದೆ. ನರ್ಸಬಾಯಿ ಮುಖಕ್ಕೆ ನೀರು ಚಿಮುಕಿಸುತ್ತಿದ್ದಳು.

ಎದ್ದು ನೋಡಿದರೆ ಗೆಳತಿ ಒಳಗಿದ್ದಾಳೆ! ಯಾರು ಕರೆದರೋ, ತಾನೇ ಹೋದಳೋ, ಆ ರೈತನ ಇನ್ನೊಂದು ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ಇತ್ಲಾಗ ನೋಡ್ರಿ ಯಪ್ಪಾ, ನನ್ನ ಕಡೆ ನೋಡ್ರಿ. ಮಕ್ಕಳೆಷ್ಟು ನಿಮಗ?" ಎಂದು ಮಾತಾಡಿಸುತ್ತಿದ್ದಳು. ಡಾಕ್ಟರರು ಹೊಲಿಗೆ ಹಾಕುತ್ತಿದ್ದರು. ಅವಳ ಕಣ್ಣು ಆಗಾಗ ಆ ಸೂಜಿಯ ಕಡೆಗೆ ಹೋಗುತ್ತಿತ್ತು. ಹೆದರಿಕೆಯಿಂದಲ್ಲ, ಕುತೂಹಲದಿಂದ.

ಮರುದಿನ ಮಾಸ್ತರರ ಬಳಿ ಹೋಗಿ ಅತ್ತೇಬಿಟ್ಟೆ. "ನಾ ಡಾಕ್ಟರ್ ಆಕ್ಕೀನಂತ ಅವ್ವ ಊರಾಗ ಎಲ್ಲಾರಿಗೂ ಹೇಳಿಬಿಟ್ಟಾಳ್ರೀ ಸರ್. ಹ್ಯಾಂಗ ಮಾರಿ ತೋರಿಸ್ಲಿ?"

"ಒಮ್ಮೆ ಚಕ್ಕರ ಬಂದ್ರ ಡಾಕ್ಟರ್ ಆಗಾಕ ಬರೂದಿಲ್ಲಂತೇನಿಲ್ಲ. ರೂಢಿ ಆಕ್ಕೈತಿ" ಅಂದರು ಅವರು. ಆಮೇಲೆ, "ಆದ್ರ ಒಂದು ಕೇಳ್ತೀನಿ, ಖರೆ ಹೇಳು. ಗಿಡದ ಕೆಳಗ ಪಾಠ ಹೇಳೂ ಮುಂದ ನಿನಗ ಹ್ಯಾಂಗ ಅನಸ್ತೈತಿ? ದವಾಖಾನ್ಯಾಗ ನಿಂತಾಗ ಹ್ಯಾಂಗ ಅನಸ್ತು?" ಎಂದು ಕೇಳಿದರು.

ಡಾಕ್ಟರಾಗುವ ಆಸೆ ಅವ್ವನದು, ನನ್ನದಲ್ಲ ಎಂದು ನನಗೆ ಆ ಕ್ಷಣ ಹೊಳೆಯಿತು.

ವರ್ಗ ಮುಗಿದೊಡನೆ ಮುಂಡರಗಿಗೆ ಹೋದೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ರೊಟ್ಟಿ ತಿರುವಿ ಹಾಕಿ, "ಆ ಲಕ್ಷ್ಮೇಶ್ವರದ ಹುಡಿಗಿ, ಆಕಿಗೆ ಚಕ್ಕರ ಬರಲಿಲ್ಲೇನು?" ಎಂದು ಕೇಳಿದಳು.

"ಇಲ್ಲ."

"ಹಂಗಾರ ಆಕಿ ಆಗ್ಲಿ. ನನಗ ನೀನ ಡಾಕ್ಟರ್ ಆಗಬೇಕಂತೇನಿಲ್ಲ. ಹೆಣಮಕ್ಕಳಿಗೆ ಒಬ್ಬಾಕಿ ಹೆಣಮಗಳು ಬೇಕು, ಅಷ್ಟ."

"ಆಕಿ ಮನ್ಯಾಗ ಒಪ್ಪಂಗಿಲ್ಲವ್ವಾ. ಮಾಸ್ತರಿಕಿ ಮಾಡು ಅಂತಾರ. ಮಾಸ್ತರರು ಹೋಗಿ ಡಾಕ್ಟರ್ ಓದಸ್ರಿ ಅಂದ್ರೂ ಆಕಿ ಅಪ್ಪ ಹೂಂ ಅನ್ನಲಿಲ್ಲಂತ."

ಅವ್ವ ಕೈಗಂಟಿದ ಹಿಟ್ಟು ತೊಳೆದುಕೊಂಡು, "ನಡಿ, ಆಕಿ ಅವ್ವನ ಜೋಡಿ ನಾನ ಮಾತಾಡ್ತೀನಿ" ಅಂದಳು. ಎರಡು ದಿನ ಕಳೆದ ಮೇಲೆ ನಾವಿಬ್ಬರೂ ಗದಗಿಗೆ ಬಂದು, ಮಾವನನ್ನು ಜೊತೆ ಮಾಡಿಕೊಂಡು ಲಕ್ಷ್ಮೇಶ್ವರದ ಮೋಟಾರು ಹತ್ತಿದೆವು. ಅವ್ವ ಅದಕ್ಕೂ ಮೊದಲು ಆ ಊರು ನೋಡಿದವಳಲ್ಲ.

ಗೆಳತಿಯ ತಂದೆ ಮರ್ಯಾದಸ್ಥ ಮನುಷ್ಯ. ಮಾವನನ್ನು ಅಂಗಡಿಯ ಗಾದಿಯ ಮೇಲೆ ಕೂರಿಸಿ ಚಹಾ ತರಿಸಿದರು. ನಮ್ಮನ್ನು ಒಳಗೆ ಹೆಂಗಸರ ಕಡೆ ಕಳಿಸಿದರು. ಗೆಳತಿಯ ತಾಯಿಯೂ ಅವ್ವನೂ ಒಬ್ಬರನ್ನೊಬ್ಬರು ಕಂಡದ್ದು ಅದೇ ಮೊದಲು. ಆದರೆ ಅವ್ವ ಪೀಠಿಕೆ ಹಾಕುವವಳಲ್ಲ. ಕೂತವಳೇ ತನ್ನ ಹೊಟ್ಟೆನೋವಿನ ಕಥೆ ತೆಗೆದಳು. ಹೊಸ್ತಿಲಲ್ಲಿ ನಿಂತ ಅಪ್ಪ ಕೆಂಪಗಾದದ್ದನ್ನು ಅಭಿನಯಿಸಿಯೇ ತೋರಿಸಿದಳು. ಆ ತಾಯಿ ನಗುತ್ತ ನಗುತ್ತ ಇದ್ದಕ್ಕಿದ್ದಂತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ನನ್ನ ತಂಗ್ಯಾರೊಳಗ ಒಬ್ಬಾಕೀನೂ ಹಿಂಗ ಹೇಳಲಾರದ ಹೇಳಲಾರದ ಹೋದ್ಳರಿ" ಅಂದರು. ಅವ್ವ ಅವರ ಕೈ ಹಿಡಿದುಕೊಂಡಳು. ಗೆಳತಿ ಬಾಗಿಲ ಬಳಿ ನಿಂತು ಎಲ್ಲ ಕೇಳುತ್ತಿದ್ದಳು.

ಊಟದ ಹೊತ್ತಿಗೆ ಆ ತಾಯಿ ಗಂಡನನ್ನು ಒಳಗೆ ಕರೆಸಿ ನಮ್ಮೆದುರೇ ಹೇಳಿದರು: "ನಮ್ಮ ಹುಡಿಗಿ ಡಾಕ್ಟರಿಕಿ ಓದ್ತಾಳ."

"ಮಾಸ್ತರಿಕಿ ಅಂದ್ರ ಊರಾಗ ಇರಬಹುದು. ಇದು ಹಗಲು ರಾತ್ರಿ ಅನ್ನಂಗಿಲ್ಲ..." ಎಂದು ಅವರು ಶುರುಮಾಡಿದರು.

"ಬ್ಯಾನಿ ಹಗಲು ರಾತ್ರಿ ನೋಡಿ ಬರ್ತೈತೇನ್ರಿ?" ಅಂದರು ಆ ತಾಯಿ.

ತಂದೆ ಮಗಳ ಕಡೆ ತಿರುಗಿ, "ನಿನಗ ಮನಸ್ಸೈತೇನವಾ?" ಎಂದು ಕೇಳಿದರು. ಅಲ್ಲಿಯವರೆಗೆ ಮನೆಯಲ್ಲಿ ಯಾರೂ ಅವಳನ್ನು ಕೇಳಿರಲಿಲ್ಲ. ಅವಳು, "ಐತ್ರಿ ಅಬ್ಬಾ" ಎಂದಳು. ರಜಾ ವರ್ಗದಲ್ಲಿ ಎದ್ದು ನಿಂತು ಮಾತಾಡುತ್ತಿದ್ದಳಲ್ಲ, ಅದೇ ಗಟ್ಟಿ ದನಿಯಲ್ಲಿ.

ಜೂನಿನಲ್ಲಿ ಇಬ್ಬರೂ ಗದಗಿನ ಕಾಲೇಜು ಸೇರಿದೆವು, ಅವಳು ವಿಜ್ಞಾನಕ್ಕೆ, ನಾನು ಕಲೆಗೆ. ಅದೇ ವರ್ಷ ನವೆಂಬರಿನಲ್ಲಿ ಏಕೀಕರಣವಾಯಿತು. ಊರೆಲ್ಲ ತೋರಣ, ಕಾಲೇಜಿನಲ್ಲಿ ಪೇಡೆ ಹಂಚಿದರು. ಮಾವ ಮಗ್ಗ ನಿಲ್ಲಿಸಿ ಮೆರವಣಿಗೆ ನೋಡಲು ಹೋದ. ನಾವಿಬ್ಬರೂ ಮುಂಬೈ ಸರಕಾರದ ವಿದ್ಯಾರ್ಥಿಗಳಾಗಿ ಸೇರಿದವರು ಮೈಸೂರು ಸರಕಾರದ ವಿದ್ಯಾರ್ಥಿಗಳಾದೆವು. ಪಠ್ಯಪುಸ್ತಕ ಬದಲಾದೀತೆಂದು ಹೆದರಿದ್ದೆವು. ಆ ವರ್ಷ ಏನೂ ಬದಲಾಗಲಿಲ್ಲ. ದೀಪಾವಳಿ ದಾಟಿತು, ನಾವು ಹಾಸಿಗೆ ಸುತ್ತಲಿಲ್ಲ.

ಮುಂದೆ ಅವಳು ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದಿದಳು. ಮುಂಡರಗಿಗೆ ಅವಳ ನೇಮಕ ಕೊನೆಗೂ ಆಗಲೇ ಇಲ್ಲ. ಶಿರಹಟ್ಟಿಯಲ್ಲಿ ಕೆಲವು ವರ್ಷ ಇದ್ದಳು. ಅವ್ವ ಸಣ್ಣ ನೆಗಡಿಯಾದರೂ ಸಾಕು, ಓಣಿಯ ಇನ್ನಿಬ್ಬರು ಹೆಂಗಸರನ್ನು ಹೊರಡಿಸಿಕೊಂಡು ಬಸ್ಸು ಹತ್ತುತ್ತಿದ್ದಳು. ತಿರುಗಿ ಬಂದು, "ಆಕಿ ಮುಂದ ಎಲ್ಲಾ ಹೇಳಿ ಬಂದೆ" ಎನ್ನುತ್ತಿದ್ದಳು. ಏನು ಹೇಳಿದಳೆಂದು ಅಪ್ಪ ಕೇಳುವ ಹಾಗಿರಲಿಲ್ಲ.

ನಾನು ಇಂಗ್ಲಿಷ್ ಕಲಿಸುವ ಶಿಕ್ಷಕಿಯಾದೆ. ಮೈಸೂರು ಸರಕಾರವೂ ನಮ್ಮ ಕಡೆ ಅಂಥ ರಜಾ ವರ್ಗಗಳನ್ನು ನಡೆಸಿತು. ಬೇಸಿಗೆಯಲ್ಲಿ ಎಲ್ಲರೂ ಒಲ್ಲೆನ್ನುತ್ತಿದ್ದ ಆ ಕೆಲಸವನ್ನು ನಾನು ಕೇಳಿ ಪಡೆಯುತ್ತಿದ್ದೆ. ಹಿರೇವಡ್ಡಟ್ಟಿ, ಕಣಗಿನಹಾಳದಂಥ ಊರುಗಳಿಂದ ಮಕ್ಕಳು ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಮಾವನ ಮನೆಯಲ್ಲೇ ಉಳಿದುಕೊಂಡು ಬೆಳಿಗ್ಗೆ ಬೇಗ ಎದ್ದು ಹೊರಡುತ್ತಿದ್ದೆ. ಬಿಸಿಲೇರುವ ಮೊದಲೇ ಶಾಲೆ ಮುಟ್ಟಿ, ಕಿಟಕಿಗಳನ್ನೆಲ್ಲ ತೆರೆದು, ಅವರು ಬರುವುದನ್ನು ನೋಡುತ್ತ ನಿಲ್ಲುವುದು ನನಗೆ ಬಲು ಇಷ್ಟವಾಗಿತ್ತು.