ಕರೆಂಟು ಹೋದಾಗ ಏಳದ ಕೂಸು

ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಕೂಸುಗಳು ಪವರ್‌ಲೂಮಿನ ಸದ್ದಿಗೆ ಮಲಗುತ್ತವೆ, ಸದ್ದು ನಿಂತರೆ ಏಳುತ್ತವೆ. ಕರೆಂಟು ಹೋಯಿತೆಂದರೆ ಸಾಕು, ಮಗ್ಗಗಳೆಲ್ಲ ಒಮ್ಮೆಲೇ ಸುಮ್ಮನಾಗಿ ಮನೆಮನೆಯ ತೊಟ್ಟಿಲಲ್ಲಿ ಅಳು ಶುರುವಾಗುತ್ತದೆ. ಮಾದೇವಿಯ ಮಗಳು ಮಧುಮತಿ ಮಾತ್ರ ಏಳುತ್ತಿರಲಿಲ್ಲ.

"ಪುಣ್ಯಾ ಮಾಡೀ ನೋಡವಾ," ಎಂದಳು ಪಕ್ಕದ ಮನೆಯ ಲಗಮವ್ವ, ಚೀರುತ್ತಿದ್ದ ಮೊಮ್ಮಗನನ್ನು ಬಗಲಲ್ಲಿಟ್ಟುಕೊಂಡು. "ನಮ್ಮದಕ್ಕ ಕರೆಂಟ್ ಹೋಗೂದು ಲೈನ್‌ಮನ್‌ಗಿಂತ ಮೊದಲ ಗೊತ್ತಾಕೈತಿ."

ಅತ್ತೆ ಭಾಗವ್ವ ನಕ್ಕಳು. ಮಾದೇವಿ ನಗಲಿಲ್ಲ. ತವರೂರು ಬೀಳಗಿಯ ಆಸ್ಪತ್ರೆಯಲ್ಲಿ ಹೆರಿಗೆಯಾದಾಗ ಸಿಸ್ಟರ್ ಹೇಳಿದ್ದರು: ಕೂಸು ತಡವಾಗಿ ಅತ್ತಿದೆ, ತಿಂಗಳೊಳಗೆ ಕಿವಿ ಪರೀಕ್ಷೆ ಮಾಡಿಸಿ, ಮಷೀನು ಇಲ್ಲಿಲ್ಲ, ಬಾಗಲಕೋಟೆಗೆ ಹೋಗಬೇಕು. ಬಾಣಂತಿ ಹೊಸಿಲು ದಾಟಬಾರದು, ಗಂಡನ ಮನೆಯವರು ತೋರಿಸಲಿ ಎಂದರು ತವರಿನವರು. ಗಂಡನ ಮನೆಗೆ ಬಂದರೆ, ಅದು ತವರಿನಲ್ಲೇ ಮುಗಿಸಿಕೊಂಡು ಬರಬೇಕಾದ ಕೆಲಸ ಎಂದರು. ಅಷ್ಟರಲ್ಲಿ ಕೂಸು ಬೋರಲು ಬಿತ್ತು, ಅಂಬೆಗಾಲಿಟ್ಟಿತು.

ಬೆಳಿಗ್ಗೆ ನೀರು, ರೊಟ್ಟಿ, ಬಟ್ಟೆ. ಆಮೇಲೆ ಸಂಜೆತನಕ ಕಂಡಿಕೆ. ಲಾಳಿಯೊಳಗೆ ಕೂರುವ ಆ ನೂಲನ್ನು ಮಾದೇವಿ ಸುತ್ತಿ ಕೊಡದಿದ್ದರೆ ಗಂಡ ಚಿದಾನಂದನ ಮಗ್ಗಗಳು ನಿಲ್ಲುತ್ತಿದ್ದವು. ಆದರೂ ಆ ಮನೆಯಲ್ಲಿ ದುಡಿಯುವವನು ಅವನೊಬ್ಬನೇ ಎಂದು ಎಲ್ಲರ ಮಾತು.

"ನಾಳೆ ಬಾಗಲಕೋಟಿಗೆ ಹೋಗಿ ಬರ್ತೇನ್ರೀ," ಎಂದಳು ಮಾದೇವಿ ಒಂದು ಸಂಜೆ.

"ಕಂಡಿಕಿ?" ಎಂದ ಚಿದಾನಂದ.

"ಮಗ್ಗದ ಮನ್ಯಾಗಿನ ಕೂಸು ಹಂಗ ಮಲಗತೈತಿ ಬೇ," ಎಂದಳು ಭಾಗವ್ವ. "ಸುಮ್ಮ ಮಲಗೂ ಕೂಸಿಗೆ ಯಾವ ರೋಗ?"

"ಮಗ್ಗ ನಿಂತಾಗೂ ಮಲಗತೈತ್ರೀ ಅತ್ತಿ."

ಮರುದಿನ ಮಾದೇವಿ ರೊಟ್ಟಿ ಬಡಿದಿಟ್ಟು, ಕೂಸನ್ನೆತ್ತಿಕೊಂಡು ಬಸ್ ಹತ್ತಿದಳು.

ಬಾಗಲಕೋಟೆಯ ಆಸ್ಪತ್ರೆಯಲ್ಲಿ, ಪರೀಕ್ಷೆ ಮಾಡುವ ಹುಡುಗಿ ಮಧುಮತಿಯ ಒಂದು ಕಿವಿಗೆ ಸಣ್ಣ ಕೊಳವೆ ಇಟ್ಟಳು. ಇನ್ನೊಂದಕ್ಕೂ ಇಟ್ಟಳು. ಮತ್ತೆ ಮೊದಲಿನದಕ್ಕೆ ಇಟ್ಟು ನೋಡಿದಳು.

"ಎರಡೂ ಕಿವಿ ಪಾಸಾಗಲಿಲ್ರೀ. ಸೋಮವಾರ ದೊಡ್ಡ ಪರೀಕ್ಷಾ ಮಾಡೂಣು. ಆಮ್ಯಾಲೆ ಕಿವಿಗೆ ಮಷೀನ್ ಹಾಕೂದು, ಮಾತು ಕಲಿಸೂದು ಇರತೈತಿ. ಮೊದಲ ಯಾಕ ತರಲಿಲ್ಲ ಅಕ್ಕಾರ?"

ಮಾದೇವಿ ಸೋಮವಾರ ಎಷ್ಟು ಗಂಟೆಗೆ ಬರಬೇಕೆಂದು ಕೇಳಿಕೊಂಡು ಹೊರಟಳು. ಬಸ್ಸಿನಲ್ಲಿ ಕೂಸು ಅವಳ ಬಳೆ ಹಿಡಿದು ಆಡುತ್ತಿತ್ತು. ಅವಳು ಕೈ ಸಡಿಲ ಬಿಟ್ಟು ಕೂತಿದ್ದಳು.

ಮನೆಗೆ ಬಂದಾಗ ಹಿಂದಿನ ದಿನ ಸುತ್ತಿಟ್ಟ ಕಂಡಿಕೆ ಮುಗಿದಿತ್ತು. ಮಧ್ಯಾಹ್ನದ ಮುಸುರೆ ಹಾಗೇ ಇತ್ತು.

"ಏನಂದ್ರು?" ಎಂದ ಚಿದಾನಂದ.

"ಕೇಳಂಗಿಲ್ಲ ಅಂತ ಕಾಣತೈತಿ. ಸೋಮವಾರ ಮತ್ತ ಹೋಗಬೇಕು."

"ಕೇಳಂಗಿಲ್ಲ ಅಂದ ಮ್ಯಾಲ ಮತ್ತ್ಯಾಕ ಹೋಗೂದು?" ಎಂದಳು ಭಾಗವ್ವ.

ಮಾದೇವಿ ತಾಟು ತಿಕ್ಕುತ್ತಲೇ ಗಂಡನಿಗೆ ಹೇಳಿದಳು. "ಮಾತು ಕಲಿಸಾಕ ಇನ್ನ ಮ್ಯಾಲ ವಾರವಾರ ಹೋಗೂದು ಬರತೈತ್ರಿ. ನಾ ಇರದ ದಿನ ಕಂಡಿಕಿ ನೀವ ಸುತ್ಕೊಳ್ರಿ."

ಅವನು ಎದ್ದು ಮಗ್ಗದ ಕಡೆ ನಡೆದ. ಸೋಮವಾರ ಅವಳು ಹೋದಳು.